ಕೌದಿಯವಳ ಹೆಬ್ಬೆಟ್ಟು

“ಅಜ್ಜಾರ, ಸಮಿತಿಯಾಗ ಇರೋ ಮಂದಿ ಒಳ್ಳೇವ್ರೇ ಇದ್ದ ಮ್ಯಾಲೆ, ಸಾಲಿ ಸಭಾಕ್ಕ ಊರೆಲ್ಲ ಯಾಕ ಬಂದು ಕುಂದ್ರಬೇಕು?”

ಕೇಳಿದವನು ಗದಿಗೆಪ್ಪ. ಊರಿನ ಶಾಲಾ ಸಮಿತಿಗೆ ಅವನು ಅಧ್ಯಕ್ಷನಾಗಿ ಇನ್ನೂ ಮೂರೇ ವಾರವಾಗಿತ್ತು. ಮಠದ ಅಜ್ಜಾರ ಮುಂದೆ ಕುಳಿತು ಅಕ್ಷರ ತಿದ್ದಿದವನು. ಏನೇ ಹೊಸದು ಬಂದರೂ ಮೊದಲು ಅವರ ಮುಂದೆ ತಂದಿಡುವನು. ಶಾಲೆ ನಿಂತ ಜಾಗ ಮಠ ಕೊಟ್ಟದ್ದು. ಹಾಗಾಗಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ಅಜ್ಜಾರದೂ ಒಂದು ಸಹಿ ಬೇಕು. ಗದಿಗೆಪ್ಪ ಪುಸ್ತಕ ತೆರೆದು, ಹಾಳೆಯ ತಳದಲ್ಲಿ ಬೆರಳಿಟ್ಟು ತೋರಿಸಿದ. ಅಲ್ಲಿ ಹದಿಮೂರು ಸಹಿ ಆಗಲೇ ಬಿದ್ದಿದ್ದವು.

“ಮಂದಿ ಕೂಡಿದ್ರ ಬರೇ ಗದ್ದಲ, ಅಜ್ಜಾರ. ಒಬ್ಬರು ಎತ್ತು ಅಂದ್ರ ಇನ್ನೊಬ್ಬರು ಎಮ್ಮಿ ಅಂತಾರ. ನಾವೇನು ಕದಿಯೋರಲ್ಲ, ತಿನ್ನೋರಲ್ಲ. ನಮ್ಮ ಪಾಡಿಗೆ ನಾವು ಕೆಲಸ ಮಾಡತೀವಿ.”

ಅಜ್ಜಾರು ಪೆನ್ನು ತೆಗೆದುಕೊಂಡರು. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು. ಸಹಿ ಮಾಡಲಿಲ್ಲ. ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬಳು ಕೌದಿ ಹೊಲಿಯುವವಳಿದ್ದಳು. ಹಳೆಯ ಸೀರೆ, ಹರಿದ ಅಂಗಿ, ಯಾರಿಗೂ ಬೇಡವಾದದ್ದೆಲ್ಲ ಅವಳ ಕೈಗೆ ಬಂದರೆ ಹೊದಿಕೆಯಾಗುತ್ತಿತ್ತು. ಅವಳಿಗೆ ಓದು ಬಾರದು. ಆದರೆ ತನ್ನ ಕಸುಬಿನ ಒಂದು ಸತ್ಯ ಬಲ್ಲಳು. ಕೌದಿಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಹೊಲಿಯದೆ ಬಿಟ್ಟರೆ, ಒಳಗಿನ ಚಿಂದಿಯೆಲ್ಲ ಅಲ್ಲಿಗೇ ಸರಿದು ಬಂದು ಗಂಟಾಗುತ್ತದೆ. ಮಲಗಿದವನ ಬೆನ್ನಿಗೆ ಒತ್ತುವುದು ಆ ಗಂಟೇ.

ಅವಳಿಗೆ ಒಬ್ಬಳೇ ಮಗಳು. ಐದನೆಯ ತರಗತಿ. ಮಗಳು ಮುಂದೆ ಕುಳಿತು ಪಾಠ ಓದುವಳು, ಅವ್ವ ಸೂಜಿ ಆಡಿಸುತ್ತ ಕೇಳುವಳು. ಮಗಳು ಸರಿ ಓದಿದರೂ ಅವ್ವ “ಹೂಂ” ಎನ್ನುವಳು, ತಪ್ಪು ಓದಿದರೂ “ಹೂಂ” ಎನ್ನುವಳು. ಓದಿನ ವಿಷಯದಲ್ಲಿ ಅವಳಿಗೆ ಬರುತ್ತಿದ್ದದ್ದು ಆ ಹೂಂ ಒಂದೇ.

ಆ ಊರಿಗೂ ಒಂದು ಶಾಲಾ ಸಮಿತಿಯಿತ್ತು. ಅದಕ್ಕೊಬ್ಬ ಅಧ್ಯಕ್ಷನಿದ್ದ. ಕೆಟ್ಟವನಲ್ಲ. ಕದಿಯುವವನಲ್ಲ, ತಿನ್ನುವವನಲ್ಲ.

ಇಲ್ಲಿ ಗದಿಗೆಪ್ಪ ಸಂತೋಷದಿಂದ ತಲೆಯಾಡಿಸಿದ. ಅಜ್ಜಾರು ಮುಂದುವರಿಸಿದರು.

ದುಡಿಯುವ ಮಂದಿಗೆ ಯಾಕೆ ತೊಂದರೆ ಎಂದು ಆ ಅಧ್ಯಕ್ಷ ಒಂದು ಸುಲಭದ ದಾರಿ ಕಂಡುಕೊಂಡಿದ್ದ. ತಿಂಗಳಿಗೊಮ್ಮೆ ಶಾಲೆಯ ಜವಾನನ ಕೈಯಲ್ಲಿ ನಡಾವಳಿ ಪುಸ್ತಕ ಮನೆಮನೆಗೆ ಹೋಗುತ್ತಿತ್ತು. ಹಾಳೆಯ ತಳದಲ್ಲಿ ಒಂದೇ ಒಂದು ಸಾಲು ಬರೆದಿರುತ್ತಿತ್ತು: “ಮೇಲ್ಕಂಡ ವಿಷಯಗಳಿಗೆ ಸಭೆಯಲ್ಲಿ ಹಾಜರಿದ್ದ ನಾವೆಲ್ಲರೂ ಒಪ್ಪಿರುತ್ತೇವೆ.” ಅದರ ಕೆಳಗೆ ಬರೆಯಬಲ್ಲವರು ಸಹಿ ಮಾಡುವರು, ಬಾರದವರು ಹೆಬ್ಬೆಟ್ಟು ಒತ್ತುವರು. ಒಲೆಯ ಮುಂದಿದ್ದವರು ಒಲೆಯ ಮುಂದೆ, ಎಮ್ಮೆ ಹಿಂಡುತ್ತಿದ್ದವರು ಎಮ್ಮೆಯ ಪಕ್ಕದಲ್ಲಿ. ಒಬ್ಬಳು ರೊಟ್ಟಿ ಬಡಿಯುತ್ತ ಒತ್ತಿದ್ದಕ್ಕೆ ಹಾಳೆಯ ಮೇಲೆ ಮಸಿಗಿಂತ ಹಿಟ್ಟೇ ಹೆಚ್ಚು ಬಿದ್ದಿತ್ತು. ಎಲ್ಲರದೂ ಮುಗಿದ ಮೇಲೆ ಅಧ್ಯಕ್ಷ ಮನೆಯಲ್ಲಿ ಕುಳಿತು, ಮೇಲಿನ ಖಾಲಿ ಜಾಗದಲ್ಲಿ ವಿಷಯ ಬರೆಯುವನು. ಅಕ್ಷರ ಮಾತ್ರ ಮುತ್ತಿನಂತೆ ದುಂಡಗೆ. ತೀರ್ಮಾನ ಯಾವತ್ತೂ ಸರ್ವಾನುಮತ.

ಕೌದಿಯವಳೂ ವರ್ಷವಿಡೀ ಒತ್ತಿದ್ದಳು. ಜವಾನ ಬರುವನು, “ಅಕ್ಕಾ, ಬಟ್ಟು” ಎನ್ನುವನು. ಅವಳು ಹೂಂ ಎನ್ನುವಳು.

ಒಂದು ದಿನ ಮಗಳು ಶಾಲೆಯಿಂದ ಬಂದವಳು ಹೆಗಲಿನ ಚೀಲ ಕೆಳಗಿಡಲಿಲ್ಲ.

“ಅವ್ವಾ, ಬರೋ ಜೂನ್‌ದಿಂದ ಆರನೇತ್ತೆ, ಏಳನೇತ್ತೆ ನಮ್ಮೂರಾಗ ಇರಂಗಿಲ್ಲಂತ. ಹಳ್ಳ ದಾಟಿ ಆಚಿ ಊರ ಸಾಲಿಗೆ ಹೋಗಬೇಕಂತ.”

ಆ ಹಳ್ಳ ಮಳೆಗಾಲದಲ್ಲಿ ಎತ್ತೂ ಇಳಿಯದ ಹಳ್ಳ. ಅದನ್ನು ದಾಟಿ ಓದಲು ಹೋದ ಗಂಡುಮಕ್ಕಳು ನಾಲ್ಕು ತಿಂಗಳು ಹೋಗುವರು. ಹೆಣ್ಣುಮಕ್ಕಳು ನಾಲ್ಕು ದಿನ. ಕೌದಿಯವಳು ಸೂಜಿಯನ್ನು ಕೌದಿಗೇ ಚುಚ್ಚಿಟ್ಟು, ಮಗಳ ಕೈ ಹಿಡಿದು ಅಧ್ಯಕ್ಷನ ಮನೆಗೆ ಹೋದಳು.

“ಯಾರು ಮಾಡಿದ್ರೀ ಇದನ್ನ?”

ಅಧ್ಯಕ್ಷ ಸಿಟ್ಟಾಗಲಿಲ್ಲ. ಪುಸ್ತಕ ತೆರೆದು ತೋರಿಸಿದ.

“ನೀನ ಮಾಡೀದಿ, ತಂಗಿ. ಈ ಗೀರುಬಿದ್ದ ಹೆಬ್ಬೆಟ್ಟು ನಿಂದಲ್ಲೇನು?”

ಅವಳದೇ. ಸೂಜಿ ಚುಚ್ಚಿ ಚುಚ್ಚಿ ಅಡ್ಡಗೀರು ಬಿದ್ದ ಅಂಥ ಹೆಬ್ಬೆಟ್ಟು ಊರಿನಲ್ಲಿ ಇನ್ನೊಂದಿರಲಿಲ್ಲ. ಅದರ ಮೇಲಿನ ಸಾಲನ್ನು ಓದು ಎಂದಳು ಮಗಳಿಗೆ. ಮಗಳು ಅಕ್ಷರ ಕೂಡಿಸಿ ಓದಿದಳು.

“ಮೇಲ್... ಕಂಡ.”

“ಹಂಗಂದ್ರೇನ?”

“ಮ್ಯಾಲ ಕಂಡದ್ದು, ಅವ್ವಾ.”

ಈ ಸಲ ಅವ್ವ ಹೂಂ ಎನ್ನಲಿಲ್ಲ.

“ನಾ ಒತ್ತಿದಾಗ ಮ್ಯಾಲ ಬರೇ ಬಿಳೀ ಹಾಳಿ ಕಂಡಿತ್ತು, ಯಜಮಾನ್ರ. ನಾ ಒಪ್ಪಿದ್ದು ಬಿಳೀ ಹಾಳಿಗೆ. ಈ ಕರೇ ಅಕ್ಷರಕ್ಕಲ್ಲ.”

ಅಧ್ಯಕ್ಷ ನಕ್ಕ. ಕಟ್ಟೆಯ ಮೇಲೆ ಕುಳಿತು ನಾಲ್ಕು ಮಂದಿಗೆ ಹೇಳಿ ಮತ್ತೆ ನಕ್ಕ. ಕೌದಿಯವಳು ನಗಲಿಲ್ಲ. ಮರುದಿನದಿಂದ ಮನೆಮನೆ ತಿರುಗಿದಳು. ಚಿಂದಿ ಕೇಳಲು ಬಂದಳೆಂದು ಹೆಂಗಸರು ಹಳೆಯ ಬಟ್ಟೆ ತಂದರೆ, ಅವಳು ಕೇಳಿದ್ದು ಬೇರೆ: “ಮುಂದಿನ ಸಭಾ ಯಾವತ್ತೈತಿ?” ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದ ಪ್ರಕಾರ ಅವರೆಲ್ಲ ಒಂದೂ ಸಭೆ ತಪ್ಪಿಸದವರು! ಕೊನೆಗೆ ಮಗಳೇ ನೆನಪು ಮಾಡಿಕೊಂಡು ಹೇಳಿದಳು. ಪುಸ್ತಕದ ಎಲ್ಲ ಹಾಳೆಗೂ ಐದನೆಯ ತಾರೀಕು ಇತ್ತು.

“ಬಂದು ಏನ ಮಾಡೂದವಾ? ನಮಗೇನ ಓದಾಕ ಬರತೈತಾ?” ಎಂದಳು ರೊಟ್ಟಿಯವಳು.

“ಒತ್ತಾಕ ಬರತೈತಲ್ಲ. ಎಲ್ಲಿ ಒತ್ತಬೇಕಂತ ನಾ ಹೇಳತೀನಿ, ಬಾ.”

ಐದನೆಯ ತಾರೀಕು ಬೆಳಿಗ್ಗೆ ಕೌದಿಯವಳು ಒಂದು ಹೊಸ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದಳು. ಅವಳ ಹಿಂದೆ ಹನ್ನೊಂದು ಜನ ತಾಯಂದಿರು. ಒಳಗೆ ಅಧ್ಯಕ್ಷನೂ ಮೇಷ್ಟ್ರೂ ಚಹಾ ಕುಡಿಯುತ್ತಿದ್ದರು. ಸಭೆ ಎಂದರೆ ಅಷ್ಟೇ.

“ಹೀಂಗ ಎಲ್ಲಾರೂ ಒಳಗ ಬರೂದು ಪದ್ಧತಿ ಇಲ್ಲವಾ,” ಎಂದ ಅಧ್ಯಕ್ಷ.

“ಯಾಕಿಲ್ರೀ? ಹನ್ನೆರಡು ಸಭಾಕ್ಕೂ ನಾವು ಹಾಜರಿದ್ವಿ ಅಂತ ನಿಮ್ಮ ಪುಸ್ತಕನ ಹೇಳತೈತಿ. ಇಷ್ಟು ದಿನ ಬಂದ ಬೀಗರನ್ನ ಇವತ್ತ ಬಾಗಲಾಗ ನಿಲ್ಲಸತೀರೇನು?”

ಮೇಷ್ಟ್ರಿಗೆ ಚಹಾ ನೆತ್ತಿಗೇರಿತು. ಅಧ್ಯಕ್ಷ ಯೋಚಿಸಿದ. ಬಂದಿರಲಿಲ್ಲ ಎಂದರೆ ತಾನು ಬರೆದದ್ದು ಸುಳ್ಳಾಗುತ್ತದೆ. ಬಂದಿದ್ದರು ಎಂದರೆ ಬಾಗಿಲು ಬಿಡಬೇಕಾಗುತ್ತದೆ. ಬಾಗಿಲು ಬಿಟ್ಟ. ಕೌದಿಯವಳು ಕೌದಿ ಹಾಸಿದಳು. ಹನ್ನೆರಡು ಜನರೂ ಅದರ ಮೇಲೆ ಕುಳಿತರು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅಧ್ಯಕ್ಷ ಹೊಸ ಹಾಳೆ ತೆಗೆದು, ತಾರೀಕು ಹಾಕಿ, ತಳ ತೋರಿಸಿದ.

“ಒತ್ತರಿ. ವಿಷಯ ನಾ ಆಮ್ಯಾಲ ಬರಕೋತೀನಿ.”

ಕೌದಿಯವಳು ಎದ್ದು ಮಸಿಗೆ ಬೆರಳು ಹಚ್ಚಿದಳು. ತಳದಲ್ಲಿ ಒತ್ತಲಿಲ್ಲ. ಹಾಳೆಯ ತಲೆಗೆ, ತಾರೀಕಿನ ಬುಡಕ್ಕೇ, ಸೂಜಿ ತೂರುವಷ್ಟೂ ಸಂದು ಬಿಡದೆ ಒತ್ತಿದಳು. ಅವಳ ಹೆಬ್ಬೆಟ್ಟಿಗೆ ತಾಗಿ ರೊಟ್ಟಿಯವಳದು. ಅದಕ್ಕೆ ತಾಗಿ ಮತ್ತೊಬ್ಬಳದು. ಹೊಲಿಗೆ ಹಾಕಿದ ಹಾಗೆ ಸಾಲು ಮುಂದುವರಿಯಿತು.

“ಅಯ್ಯ, ಅಯ್ಯ! ಮ್ಯಾಲ ಒತ್ತಿದ್ರ ನಾ ಎಲ್ಲಿ ಬರೀಲಿ?”

“ಒತ್ತೂಕಿಂತ ಮೊದಲ ಬರೀರಿ. ಹೋದ ತಿಂಗಳದ್ದೂ ಮತ್ತ ಬರೀರಿ. ಬರದು ಗಟ್ಟಿಯಾಗಿ ಓದಿ ಹೇಳ್ರಿ. ನಮಗ ಅಕ್ಷರ ಕಾಣಂಗಿಲ್ಲ. ಕಿವಿ ಕೇಳತಾವು.”

ಅಧ್ಯಕ್ಷ ಹಾಳೆ ಮಗುಚಿದ. ಅವರು ಅದರ ತಲೆಗೂ ಒತ್ತಿದರು. ಇನ್ನೊಂದು ಮಗುಚಿದ. ಅದಕ್ಕೂ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಪುಸ್ತಕ, ಹಣ್ಣು ಉದುರಿದ ನೇರಳೆ ಮರದ ಬುಡದಂತಾಗಿತ್ತು. ಮಸಿ ಮುಗಿಯಿತು. ರೊಟ್ಟಿಯವಳು ಮನೆಗೆ ಓಡಿ ರೊಟ್ಟಿ ಸುಡುವ ಹಂಚಿನ ಮಸಿ ಕೆರೆದು ತಂದಳು. ಹಾಳೆಗಳು ಮುಗಿಯುತ್ತ ಬಂದವು. ಹೆಬ್ಬೆಟ್ಟುಗಳು ಮುಗಿಯುವಂತಿರಲಿಲ್ಲ.

ಕೊನೆಗೊಮ್ಮೆ ಅಧ್ಯಕ್ಷ ಉಳಿದಿದ್ದ ಒಂದು ಹಾಳೆಯಲ್ಲಿ ಹೋದ ತಿಂಗಳ ವಿಷಯ ಬರೆದ. ಬರೆದು, ತನ್ನ ಬರಹವನ್ನು ಮೊಟ್ಟಮೊದಲ ಸಲ ನಾಲ್ಕು ಜನರ ಮುಂದೆ ಓದಿದ.

“ಆರು ಮತ್ತು ಏಳನೆಯ ತರಗತಿಗೆ ಬರುವ ಮಕ್ಕಳು ಒಂಬತ್ತೇ ಇರುವುದರಿಂದ...”

“ಒಂಬತ್ತಽ? ಯಾವಾಗ ಎಣಿಸಿದ್ರೀ?”

“ಹೋದ ತಿಂಗಳು ಒಂದಿನ ಬಂದು ನಾನ ಖುದ್ದ ಎಣಿಸೀನಿ.”

“ಅದು ಹತ್ತಿ ಬಿಡಸೋ ತಿಂಗಳಲ್ರೀ! ಹುಡುಗ್ರೆಲ್ಲ ಹೊಲದಾಗಿದ್ವು.”

ಹನ್ನೆರಡು ಜನ ಒಂದೊಂದೇ ಮನೆಯ ಮಕ್ಕಳ ಹೆಸರು ಹಿಡಿದು ಎಣಿಸಿದರು. ಇಪ್ಪತ್ತಮೂರು ಆಯಿತು. ಅಧ್ಯಕ್ಷ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಲೋಟ ಕೆಳಗಿಟ್ಟರು.

“ಇಪ್ಪತ್ತಮೂರಽ ಖರೆ. ನನ್ನ ಕೇಳಿದ್ರ ಹೇಳತಿದ್ದೆ. ನೀವು ಕೇಳಲಿಲ್ಲ, ಸಹಿ ಮಾಡು ಅಂದ್ರಿ. ಮಾಡಿದೆ.”

ಅಧ್ಯಕ್ಷ ಮತ್ತೆ ಪೆನ್ನು ಕೈಗೆತ್ತಿಕೊಂಡ. ಕೆಟ್ಟವನಲ್ಲ ಎಂದೆನಲ್ಲ. ತನ್ನ ಕೈಯಿಂದಲೇ ಆ ಒಂಬತ್ತಕ್ಕೆ ಗೀಟು ಹೊಡೆದ. ಎರಡು ತರಗತಿಗಳೂ ಊರಿನಲ್ಲೇ ಇರಬೇಕೆಂದು ಬರೆದು ಓದಿದ. ತಳದ ಸಾಲಿನ “ಮೇಲ್ಕಂಡ” ಎಂಬುದನ್ನೂ ಹೊಡೆದು, “ಮೇಲೆ ಓದಿ ಹೇಳಿದ” ಎಂದು ತಿದ್ದಿದ. ಆಮೇಲೆ ಕೌದಿಯವಳು ಹಂಚಿನ ಮಸಿಗೆ ಬೆರಳು ಹಚ್ಚಿ, ಹಾಳೆಯ ತಳದಲ್ಲಿ ಒತ್ತಿದಳು. ಒತ್ತಿ, “ಹೂಂ” ಎಂದಳು.

ಅಜ್ಜಾರು ಕತೆ ನಿಲ್ಲಿಸಿದರು.

ಗದಿಗೆಪ್ಪ ತೊಡೆ ತಟ್ಟಿ ನಕ್ಕ. “ಎಂಥಾ ಗಟ್ಟಿ ಹೆಂಗಸು, ಅಜ್ಜಾರ! ಆ ಅಧ್ಯಕ್ಷ ಮಾತ್ರ ಭಾರೀ ದಡ್ಡ ಬಿಡ್ರಿ.” ನಗುತ್ತಲೇ ಪುಸ್ತಕವನ್ನು ಇನ್ನಷ್ಟು ಮುಂದೆ ಸರಿಸಿದ. “ಹೊತ್ತಾತು. ಆ ಒಂದು ಸಹಿ ಮಾಡಿಬಿಟ್ರ, ನಾ ಮನಿಗೆ ಹೋಗಿ ಉಳಿದದ್ದು ಬರಕೋತೀನಿ.”

ಅಜ್ಜಾರು ಮೂಗಿನ ಮೇಲಿನ ಕನ್ನಡಕ ತೆಗೆದು, ಹದಿಮೂರು ಸಹಿಗಳ ಮೇಲಿದ್ದ ಬಿಳಿಯ ಜಾಗದಲ್ಲಿ ಇಟ್ಟರು.

“ನನ್ನ ಚಾಳೀಸ ಹಾಕ್ಕೋ ತಮ್ಮಾ, ಮ್ಯಾಲ ಏನ ಕಂಡೈತಿ ಓದಿ ಹೇಳು.”