ಸರ್ವರ್ ಕೊಟ್ಟ ಪಾಠಗಳು

ಅಂಧ ಮಕ್ಕಳ ಶಾಲೆಯೊಂದರಲ್ಲಿ, ಶಿಕ್ಷಕರು ಓದಿ ಧ್ವನಿಮುದ್ರಿಸಿದ ಪಾಠಗಳನ್ನು ಹಳೆಯ ಸರ್ವರ್ ಒಂದು ಕಾಪಾಡುತ್ತಿತ್ತು. ಅದರ ಡಿಸ್ಕ್ ಕೆಡತೊಡಗಿದಾಗ, ಬಾಡಿಗೆಗೆ ಜಾಗ ಕೊಡುವ ದೂರದ ಕ್ಲೌಡ್ ಕೇಳಿತು: "ಅಕ್ಕಾ, ಪಾಠಗಳನ್ನು ನನಗೆ ಕೊಡುತ್ತೀರಾ?"

"ನಿನ್ನ ಮುಖ ಕಂಡವರಿಲ್ಲ, ಊರು ಬಲ್ಲವರಿಲ್ಲ. ಮಕ್ಕಳ ಪಾಠ ನಿನ್ನ ಮಡಿಲಿಗೆ ಹಾಕಲೇ?"

"ನಾನೂ ನಿಮ್ಮಂತೆ ನೆಲದ ಮೇಲೆ ಕುಳಿತ ಯಂತ್ರವೇ, ಅಕ್ಕಾ."

"ನಿನ್ನ ಡಿಸ್ಕೂ ಕೆಟ್ಟರೆ?"

"ಅಂದೇ ಬದಲಿಸಲು ಇಲ್ಲಿ ಜನರಿದ್ದಾರೆ. ನಿಮಗೆ ಯಾರಿದ್ದಾರೆ?"

ಎರಡು ವರ್ಷಗಳಿಂದ ಸರ್ವರ್ ಕೋಣೆಗೆ ಯಾರೂ ಬಂದಿರಲಿಲ್ಲ. ಅದು ಮೊದಲ ಪಾಠವನ್ನು ಕಳುಹಿಸುತ್ತಾ ಮೆಲ್ಲಗೆ ಹೇಳಿತು: "ಮೂರನೆಯ ತರಗತಿಯ ಪದ್ಯದ ನಡುವೆ ಟೀಚರ್ ಸೀನುತ್ತಾರೆ. ಅದನ್ನು ಅಳಿಸಬೇಡ, ತಂಗಿ. ಅಲ್ಲಿಗೆ ಬಂದಾಗಲೆಲ್ಲ ಮಕ್ಕಳು ನಗುತ್ತಾರೆ."