ಬಂಡೆಯಡಿಯ ಜಾಗ

ಹೊಳೆಯ ಮಡುವಿನಲ್ಲಿ ಮುದಿ ಗೆಂಡೆಮೀನೊಂದಿತ್ತು. ನೀರಿನ ಮೇಲೆ ನೆರಳು ಬಿದ್ದರೆ ಸಾಕು, ತನ್ನ ಅವ್ವನ ಕಾಲದಲ್ಲಿ ಇಡೀ ಬಳಗ ಬಂಡೆಯಡಿ ನುಗ್ಗಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದುದನ್ನು ಆ ಅಜ್ಜಿ ದಿನವೂ ನೆನೆಯುತ್ತಿದ್ದಳು.

ಅವಳ ಸೊಸೆ ಸಾಕಣೆ ಕೊಳದ ಏರಿ ಒಡೆದಾಗ ಹೊಳೆಗೆ ಬಂದವಳು. "ನಮ್ಮಲ್ಲಿ ನೆರಳು ಬಿತ್ತೆಂದರೆ ಊಟ ಬಂತೆಂದೇ ಲೆಕ್ಕ, ಅತ್ತೆ" ಎಂದಳು.

"ಮಕ್ಕಳಿಗೆ ಮಾತ್ರ ಅದನ್ನು ಕಲಿಸಬೇಡ, ತಾಯಿ."

"ದೇವರಾಣೆ, ಕಲಿಸಿಲ್ಲ."

ಅಷ್ಟರಲ್ಲಿ ನೆರಳು ಬಿತ್ತು. ಅಜ್ಜಿ ಬಂಡೆಯಡಿ ನುಗ್ಗಿ, ಮೊಮ್ಮಕ್ಕಳಿಗೆಂದು ಪಕ್ಕಕ್ಕೆ ಸರಿದುಕೊಂಡಳು. ಸೊಸೆ ಬೇಡಬೇಡವೆಂದು ಕೂಗುತ್ತಿದ್ದಂತೆಯೇ, ಕೊಳವನ್ನು ಕಂಡೇ ಇರದ ಆ ಮರಿಗಳು ಬಾಯಿ ತೆರೆದುಕೊಂಡು ಮೇಲಕ್ಕೆ ಓಡಿದವು.

ಮೇಲೆ ನಿಂತಿದ್ದದ್ದು ಕೊಕ್ಕರೆ.

ಅಜ್ಜಿ ಎಷ್ಟೋ ಹೊತ್ತು ಹಾಗೇ ಜಾಗ ಬಿಟ್ಟುಕೊಂಡೇ ಇದ್ದಳು.