ಒಂದೀಡು ಗುಡ್ಡ

ಕಾರೆಹಳ್ಳಿ ದಾಟಿದ ಕೂಡಲೇ ಎಡಕ್ಕೆ ಕಾಣುವ ಬೋಳು ಗುಡ್ಡವೇ ಒಂದೀಡು ಗುಡ್ಡ. ಪರಸ್ಥಳದವರು ಇದನ್ನು ದಿಬ್ಬ ಎನ್ನುತ್ತಾರೆ. ಅದು ಅವರ ಕಣ್ಣಿನ ದೋಷ. ಇದರ ನೆತ್ತಿ ತಗುಲಿ ಮೋಡಗಳು ಹರಿದುಹೋಗುತ್ತವೆ, ಅದಕ್ಕೇ ಈ ಸೀಮೆಯಲ್ಲಿ ಮಳೆ ತುಂಡುತುಂಡಾಗಿ ಬೀಳುತ್ತದೆ. ಮೇಲೆ ಒಂದು ಮುರುಕು ಬುರುಜು, ಕೆಳಗೆ ತುಂಬಿದ ಕೆರೆ. ಒಂದೇ ಈಡಿಗೆ, ಅಂದರೆ ಕೋವಿಯ ಒಂದೇ ಹೊಡೆತಕ್ಕೆ, ಇಡೀ ದಂಡನ್ನು ಬಂದ ದಾರಿಗೆ ಹಚ್ಚಿದ ಗುಡ್ಡ ಭೂಮಂಡಲದಲ್ಲಿ ಇದೊಂದೇ.

ಹಿಂದೆ ಒಮ್ಮೆ, ಚಕಮಕಿ ಕೋವಿಯ ಕಾಲ ಮುಗಿಯುತ್ತ ಕೇಪಿನ ಕೋವಿಯ ಕಾಲ ಕಣ್ಣುಬಿಡುತ್ತಿದ್ದಾಗ, ಇಲ್ಲಿ ಮಲ್ಲರಸನಾಯಕನೆಂಬ ಪಾಳೇಗಾರನಿದ್ದ. ಅವನ ಕೋವಿಪಡೆಯ ಗುರಿಕಾರ ಬೋಸಯ್ಯ. ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಹಾರಿ, ಬಟ್ಟಲಿನ ಮದ್ದು ಹೊತ್ತಬೇಕು. ನಾಲ್ಕು ಹನಿ ಬಿದ್ದರೆ ಕೋವಿ ಒನಕೆಗೆ ಸಮ. ನಾಯಕ ಪರಂಗಿ ವ್ಯಾಪಾರಿಯಿಂದ ತರಿಸಿದ ಹೊಸ ಕೋವಿಗಳಲ್ಲಿ ಕಲ್ಲೂ ಇಲ್ಲ, ಬಟ್ಟಲೂ ಇಲ್ಲ. ಗುಬ್ಬಚ್ಚಿಗೆ ಹೊಲಿಸಿದ ಕುಲಾವಿಯಂಥ ತಾಮ್ರದ ಕೇಪನ್ನು ಸಿಕ್ಕಿಸಿ, ಮೇಲಿನ ಕುದುರೆ ಎಂಬ ಕೊಕ್ಕೆ ಸುತ್ತಿಗೆಯಂತೆ ಬಡಿದರೆ ಸಾಕು, ಜಡಿಮಳೆಯಲ್ಲೂ ಢಂ! ಆದರೆ ಒಂದು ಕೇಪಿಗೆ ಒಂದೇ ಈಡು. ಈ ಮಾತೊಂದು ಕಾರೆಹಳ್ಳಿಯವರ ತಲೆಗೆ ಹೋಗಲಿಲ್ಲ. ಚಕಮಕಿ ಕಲ್ಲು ಗುಡ್ಡದ ತುಂಬ ಬಿದ್ದಿದ್ದರಿಂದ ಮರ್ಯಾದೆಗೆ ಈಡು ಹಾರಿಸುವುದು ಕೋಟೆಯ ಪದ್ಧತಿಯಾಗಿತ್ತು. ನಾಯಕ ಮಿಂದರೆ ಒಂದು, ಉಂಡು ತೇಗಿದರೆ ಒಂದು, ಅರಮನೆಯ ಎಮ್ಮೆ ಕರು ಹಾಕಿದರೆ ಎರಡು. ಮುಂಗಾರು ಹಿಡಿಯುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಉಳಿದದ್ದು ಒಂದೇ ಕೇಪು. ಬೇರೆಯದು ಬೇಕೆಂದರೆ ಹಡಗು ಬರಬೇಕು.

ಆಗಲೇ ಸುದ್ದಿ ಬಂತು: ಕೆರೆಯ ಮೇಲೆ ಕಣ್ಣಿಟ್ಟಿದ್ದ ನೆರೆಸೀಮೆಯ ಹಲಗಪ್ಪನಾಯಕ ಮಳೆ ಹಿಡಿದ ದಿನವೇ ದಂಡು ತರುತ್ತಾನೆ. ಮಳೆಯಲ್ಲಿ ಕೋವಿ ಮೂಗ, ಕತ್ತಿಯದೇ ಮಾತು, ಕತ್ತಿಗಳು ಅವನಲ್ಲೇ ಹೆಚ್ಚು. ಕೇಪಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಬೋಸಯ್ಯನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಕೋಟೆ ಹೋದರೆ ಕೆರೆ ಹೋಯಿತು, ಕೆರೆ ಹೋದರೆ ಊರೇ ಹೋಯಿತು. ಆ ಒಂದು ಕೇಪನ್ನು ರುಮಾಲಿನಲ್ಲಿಟ್ಟ, ಬೆವರು ತಾಗೀತೆಂದು ತೆಗೆದ. ಸುಣ್ಣದ ಡಬ್ಬಿಗೆ ಹಾಕಿದ, ಸುಣ್ಣ ತಿಂದೀತೆಂದು ತೆಗೆದ. ಕೊನೆಗೆ ಹಿಡಿದ ಮುಷ್ಟಿ ಬಿಚ್ಚಲೇ ಇಲ್ಲ.

"ಒಂದ್ಕಡೆ ಕೂತ್ಕೊಳ್ಳಯ್ಯಾ! ಮೊಟ್ಟೆಗೆ ಬಂದ ಕೋಳಿ ಹಂಗೆ ಸುತ್ತಿ ಸುತ್ತಿ ನನ್ನ ಒಲೆ ಆರಿಸ್ತೀಯಲ್ಲ" ಎಂದು ಹೆಂಡತಿ ಓಬಮ್ಮ ಗದರಿದಳು.

"ಊರಿನ ಉಸಿರು ಈ ಮುಷ್ಟೀಲಿದೆ ಕಣೇ."

"ಹಂಗಾದ್ರೆ ಅಷ್ಟು ಹಿಸುಕಬೇಡ!"

ಮಳೆ ಹಿಡಿಯಿತು. ಕೆರೆಯ ಏರಿಯ ಮೇಲೆ ದಂಡು, ಅದರ ಮುಂದೆ ಬೆಳ್ಳಿಕಳಶದ ಛತ್ರಿಯ ಕೆಳಗೆ ಕುದುರೆಯೇರಿದ ಹಲಗಪ್ಪ. "ಏನ್ ಗುರಿಕಾರ್ರೇ, ಒನಕೆ ಹಿಡ್ಕೊಂಡು ನಿಂತೀರಾ? ರಾಗಿ ಕುಟ್ಟಕ್ಕಾ?" ಎಂದು ಕೂಗಿದ. ಬೋಸಯ್ಯ ಬುರುಜಿನ ಮುಂದೆ ನಿಂತು ಮುಷ್ಟಿ ಬಿಚ್ಚಿದ, ಕೇಪು ಸಿಕ್ಕಿಸಿದ, ಉಸಿರು ಕಟ್ಟಿ ಬೆರಳಲ್ಲಿ ಕೋವಿಯ ಬಿಲ್ಲು ಎಳೆದ. ಢಂ! ಛತ್ರಿಯ ಕಳಶ ಹಾರಿ ಕೆರೆಗೆ ಬಿತ್ತು. ಅಷ್ಟೂ ದಂಡು ಬಾಯಿ ಬಿಟ್ಟುಕೊಂಡು ಮಳೆನೀರು ಕುಡಿಯಿತು.

ಹಲಗಪ್ಪನೇನು ದಡ್ಡನಲ್ಲ. "ಇನ್ನೊಂದು ಹಾರ್ಸು, ನೋಡಾಣ!" ಎಂದ.

ಬೋಸಯ್ಯ ಕೈಯೆತ್ತಿದ. ಬುರುಜಿನುದ್ದಕ್ಕೂ ಖಾಲಿ ಕೋವಿಗಳ ಕುದುರೆಗಳು ಒಟ್ಟಿಗೆ ಹಿಂದಕ್ಕೆ ಸರಿದವು: ಕಟಕಟಕಟ. "ಮೊದಲನೇದು ಛತ್ರಿಗೆ, ನಾಯಕರೇ. ಇನ್ನುಳಿದದ್ದು ಛತ್ರಿಗಲ್ಲ. ಬೇಕಾ?"

ಹಲಗಪ್ಪ ಒಂದು ಗಳಿಗೆ ಬುರುಜನ್ನೇ ನೋಡಿದ. ಆ ಗಳಿಗೆ ಒಂದು ಮಳೆಗಾಲದಷ್ಟಿತ್ತು ಎನ್ನುತ್ತಾರೆ. ಆಮೇಲೆ ಅವನ ಕುದುರೆ ತಿರುಗಿತು. ಹಿಂದೆಯೇ ದಂಡೂ ತಿರುಗಿತು.

ಗುಡ್ಡ ಹತ್ತಿದವರಿಗೆ ಬುರುಜಿನ ಮುಂದಿನ ಬಂಡೆಯಲ್ಲಿ ಹಿಮ್ಮಡಿಯಗಲದ ಎರಡು ಗುಳಿಗಳು ಇಂದಿಗೂ ಕಾಣುತ್ತವೆ. ಗುರಿಕಾರನ ಧೈರ್ಯದ ಭಾರಕ್ಕೆ ಬಂಡೆ ಕುಸಿದದ್ದು ಎಂದು ಅವನ ವಂಶದವರು ಹೇಳುತ್ತಾರೆ. ಓಬಮ್ಮನ ತವರಿನವರು ಮಾತ್ರ, ಆ ಒಂದು ಗಳಿಗೆಯಲ್ಲಿ ಕಾಲು ನಡುಗಿ ನಡುಗಿ ಕೊರೆದದ್ದು ಎನ್ನುತ್ತಾರೆ. ಮಳೆಗಾಲದಲ್ಲಿ ಗುಳಿಗಳಲ್ಲಿ ನೀರು ನಿಲ್ಲುತ್ತದೆ. ಗಾಳಿ ಇಲ್ಲದಾಗಲೂ ಆ ನೀರು ಅಲುಗುತ್ತಲೇ ಇರುತ್ತದೆ.